ಕಿತ್ತುಹೋದ ಹದಿನಾರು ಪುಟ

ಉಸ್ಮಾನ್‌ಗಂಜಿನ ರದ್ದಿ ಅಂಗಡಿಯಲ್ಲಿ
ತಕ್ಕಡಿಗೆ ಬೀಳುವ ಮೊದಲೇ ಎತ್ತಿಕೊಂಡೆ:
ರಟ್ಟಿಲ್ಲ, ಹೆಸರಿಲ್ಲ, ಮೊದಲ ಪುಟದಲ್ಲೇ ಬಿರುಗಾಳಿ.
ಐದು ರೂಪಾಯಿ. ಹಡಗೊಂದು ನನ್ನ ಚೀಲಕ್ಕೆ ಇಳಿಯಿತು.

ಬೀದರಿನ ಹುಡುಗರಿಗೆ ಕಡಲೆಂದರೆ
ಮಳೆಗಾಲದ ಮಾಂಜ್ರಾ, ಕೋಟೆ ಕಂದಕದ ಪಾಚಿನೀರು.
ಓಬೇದನಿಗೆ ಹನ್ನೆರಡು, ಸೀಲಾಸನಿಗೆ ಎಂಟು.
ಮಂಗಲಪೇಟೆಯ ನಮ್ಮ ತಗಡಿನ ಮನೆಯಲ್ಲಿ
ಊಟವಾಗಿ, ಪ್ರಾರ್ಥನೆಯಾಗಿ, ದಿನಕ್ಕೆ ಹತ್ತು ಪುಟ.
ಮಂಚವೇ ಹಡಗು, ಸೊಳ್ಳೆಪರದೆ ಹಾಯಿ.
ನಾನು, ಮಿಷನ್ ಆಸ್ಪತ್ರೆಯ ಅಂಬುಲೆನ್ಸ್ ಡ್ರೈವರು,
ಗೇರು ಬದಲಿಸುವ ಕೈಯಲ್ಲಿ ಚುಕ್ಕಾಣಿ ಹಿಡಿದೆ.

ನಿಜ ಹೇಳುತ್ತೇನೆ, ಕತೆಯ ಆಸೆಗಷ್ಟೇ ಓದಲಿಲ್ಲ.
ಸಂಡೇ ಸ್ಕೂಲಿನಲ್ಲಿ ವಚನ ಒಪ್ಪಿಸಿ
ಹೊರಗೆ ಬಂದವರೇ ಕಲ್ಲು ತೂರುವ ಗಂಡುಮಕ್ಕಳು;
ನೆರೆಯವರ ಮೇಲೆ ಪ್ರೀತಿ ಎಂದರೆ ಆಕಳಿಸುವವರು
ಕಪ್ತಾನ ಕತ್ತಿ ಹಿರಿದ ಎಂದರೆ ಎದ್ದು ಕೂರುತ್ತಿದ್ದರು.
ಹಾಗಾದರೆ ಕಪ್ತಾನನ ಜೇಬಿನಲ್ಲೇ ಇಟ್ಟುಬಿಡೋಣ ಎಂದುಕೊಂಡೆ,
ನನ್ನ ಹೆಂಡತಿ ಪುಷ್ಪಲೀಲಾ ವಾರ್ಡಿನ ಮಕ್ಕಳಿಗೆ
ಬಾಳೆಹಣ್ಣಿನೊಳಗೆ ಮಾತ್ರೆ ಇಡುವ ಹಾಗೆ.

ಹಡಗು ಒಡೆಯಿತು. ಒಂದು ದೋಣಿ, ಏಳು ಜನ,
ಒಂದು ಪೀಪಾಯಿ ಸಿಹಿನೀರು.
ರಾತ್ರಿ ಯಾರೋ ಕದ್ದು ಕುಡಿಯುತ್ತಾರೆ. ಸಿಕ್ಕಿಬೀಳುತ್ತಾನೆ
ಅಡುಗೆಯವ, ಒಂದೇ ಕಿವಿಯ ಬಡಕಲ.
ಕಪ್ತಾನ ಅವನ ಕೊರಳಪಟ್ಟಿ ಹಿಡಿದು ಎತ್ತಿ

ಅಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಹದಿನಾರು
ಯಾರ ಚುರುಮುರಿಗೋ ಪೊಟ್ಟಣವಾಗಿ ಹೋಗಿದ್ದವು.

"ಮುಂದ?" ಎಂದ ಸೀಲಾಸ, ಚಾದರ ಕಚ್ಚಿಕೊಂಡು.
ಇಲ್ಲದ ಪುಟ ನೋಡುತ್ತ, ತಡವರಿಸದೆ ಓದಿದೆ:
ಕಪ್ತಾನ ಅವನನ್ನು ಕೂರಿಸಿದ. ತನ್ನ ಪಾಲಿನ ನೀರನ್ನು
ಅವನ ಒಡೆದ ತುಟಿಗೆ ಹಿಡಿದ.
ನನ್ನ ದನಿಯೇ ನಡುಗಿತು, ಅಷ್ಟು ಚೆನ್ನಾಗಿ ಓದಿದೆ.
ಸೀಲಾಸ ಅತ್ತ. ಓಬೇದ ಗೋಡೆಯತ್ತ ಹೊರಳಿದ.
ಆ ರಾತ್ರಿ ಒಳ್ಳೆಯ ತಂದೆಯ ನಿದ್ದೆ ನನಗೆ.

ಸೀತಾಫಲದ ಕಾಲ. ಒಂದು ಸಂಜೆ ಓಬೇದ
ಚೀಲ ಇಳಿಸದೆ ಬಂದು ಆಸ್ಪತ್ರೆ ಗೇಟಿನಲ್ಲಿ ನಿಂತ.
"ಪಪ್ಪಾ, ಸಾಲಿ ಕಪಾಟಿನ್ಯಾಗ ಆ ಪುಸ್ತಕ ಪೂರಾ ಅದ.
ಕಪ್ತಾನ ಅವನಿಗಿ ದರಿಯಾದಾಗ ಒಗದಾನ.
ನೀ ಓದಿದ್ದು ಅದರಾಗ ಇಲ್ಲ."
ತಲೆಯ ಮೇಲೆ ವಾಯುಪಡೆಯ ತರಬೇತಿ ವಿಮಾನ
ಆಕಾಶ ಸೀಳಿ ಹೋಯಿತು. ಸದ್ದು ಮುಗಿಯಲೆಂದು
ಇಬ್ಬರೂ ಕಾದೆವು.
"ಸುಳ್ಳ ಹೇಳಬ್ಯಾಡ ಅಂತ ನೀನೇ ಹೇಳ್ತಿದ್ದಿ."

ಸಮಜಾಯಿಷಿ ನಾಲಗೆ ತುದಿಗೆ ಬಂದಿತ್ತು:
ಒಳ್ಳೆಯದಕ್ಕಾಗಿ, ನಿಮಗಾಗಿ,
ಯೇಸುಸ್ವಾಮಿ ಆ ದೋಣಿಯಲ್ಲಿ ಇದ್ದಿದ್ದರೆ...
ನುಂಗಿದೆ. ಗೇಟಿನವನಿಗೂ ಕೇಳುವಂತೆ ಹೇಳಿದೆ:
"ತಪ್ಪಾಗ್ಯಾದ. ಮಾಫ್ ಮಾಡು."
ಅವನು ಮಾಡಲಿಲ್ಲ. ಹೊರಟುಹೋದ, ಕೆಂಪು ಕಲ್ಲು ಒದೆಯುತ್ತ.
ನಾಲ್ಕು ರಾತ್ರಿ ಮಂಚದ ಹಡಗು ಲಂಗರು ಎತ್ತಲಿಲ್ಲ.

ಐದನೆಯ ದಿನ ಪುಸ್ತಕ ನನ್ನ ಬುತ್ತಿಡಬ್ಬಿಯ ಮೇಲಿತ್ತು.
ಕೊನೆಗೆ ಗೋಂದಿನಲ್ಲಿ ಅಂಟಿಸಿದ ಗಣಿತದ ನೋಟುಬುಕ್ಕಿನ ಹಾಳೆ,
ಪೆನ್ಸಿಲ್ಲಿನ ಅಕ್ಷರ, ಕಾಗುಣಿತದ ತಪ್ಪು ನಾಲ್ಕು.
ಕಪ್ತಾನ ಅವನನ್ನು ಒಗೆಯಲಿಲ್ಲ. ನೀರೂ ಕೊಟ್ಟ.
ಆದರೆ ಹುಟ್ಟು ಅವನ ಕೈಗೆ ಕೊಟ್ಟು
ಬೆಳಗಾಗುವ ತನಕ ನಡೆಸು ಅಂದ.

ಅದರ ಕೆಳಗೆ, ದಪ್ಪಗೆ ಒತ್ತಿ ಬರೆದದ್ದು:
"ಪಪ್ಪಾ, ಈ ವಾರ ನಳಕ್ಕ ನೀ ಹೋಗು."

ನಸುಕಿನ ನಾಲ್ಕೂವರೆ. ಕೊಡಗಳ ಸಾಲು.
ಹಿಂದೆ ನಿಂತ ಸಲೀಮಾ ಬೀ ಕೇಳುತ್ತಾಳೆ, ಮಗ ಎಲ್ಲಿ ಇವತ್ತು?
ಮಲಗ್ಯಾನ, ಎನ್ನುತ್ತೇನೆ. ಮಲಗಲಿ.
ಎರಡು ಕೊಡ ತುಂಬಿ, ಎರಡೂ ತೋಳು ಸೆಳೆಯುತ್ತ
ಏರು ಹತ್ತುತ್ತೇನೆ, ಹನಿಯೂ ಚೆಲ್ಲದಂತೆ.
ಚೆಲ್ಲುತ್ತದೆ, ಆದರೂ.